ಹಳೆಯ ಎಂಜಿಬಿ (ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು) ಗಾಡಿಯ ಹೀಟರ್ ಬ್ಲೋವರ್ ತಿರುಗುತ್ತಿಲ್ಲ. ಹೊಸ ಮೋಟರೇ ಹಾಕಬೇಕೆ?

ಸದ್ಯಕ್ಕೆ ಹೊಸ ಮೋಟರ್ ತರಿಸಬೇಡಿ. ಸ್ವಿಚ್ ಹಾಕಿದರೆ ಸದ್ದೇ ಇಲ್ಲ, ಮೋಟರಿನ ಮೇಲೆ ತಟ್ಟಿದರೆ ಒಂದಷ್ಟು ತಿರುಗಿ ನಿಲ್ಲುತ್ತದೆ ಎಂದಿದ್ದೀರಿ. ಸುಟ್ಟುಹೋದ ಮೋಟರ್ ಹಾಗೆ ಆಡುವುದಿಲ್ಲ. ಒಂದೋ ಕರೆಂಟ್ ಸರಿಯಾಗಿ ತಲುಪುತ್ತಿಲ್ಲ, ಇಲ್ಲವೇ ಒಳಗೆ ಬ್ರಶ್ಶು (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು), ಬುಷ್ಷು (ಶಾಫ್ಟ್ ತಿರುಗುವ ಬಳೆ) ಹಿಡಿದುಕೊಂಡಿವೆ.

ನನ್ನ ಎಂಜಿಬಿಯಲ್ಲೂ ಇದೇ ತೊಂದರೆ ಇತ್ತು. ನಾನು ಮೊದಲು ಮಾಡಿದ್ದು ಮೋಟರಿನ ವೈರು ಕಳಚಿ, ಅದರ ತುದಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬು ಕಟ್ಟಿ ನೋಡಿದ್ದು. ಬರೀ ಮಲ್ಟಿಮೀಟರ್ ನಂಬಬೇಡಿ. ಕಿಲುಬು ಹಿಡಿದ ಜೋಡಣೆಯೂ ಲೋಡ್ ಇಲ್ಲದಾಗ ಪೂರಾ 12 ವೋಲ್ಟ್ ತೋರಿಸುತ್ತದೆ. ಬಲ್ಬು ಮಂಕಾಗಿ ಉರಿದರೆ ಕಳ್ಳ ಮೋಟರಿನ ಆಚೆ ಇದ್ದಾನೆ. ಫ್ಯೂಸ್ ಬಾಕ್ಸಿನ ಕ್ಲಿಪ್ಪುಗಳು, ಸ್ವಿಚ್ಚಿಗೆ ಬರುವ ಹಸಿರು ವೈರು, ದಾರಿಯಲ್ಲಿ ವೈರುಗಳನ್ನು ಕೂಡಿಸುವ ಬುಲೆಟ್ ಕನೆಕ್ಟರುಗಳು, ಕಪ್ಪು ಅರ್ತ್ ವೈರು, ಎಲ್ಲವನ್ನೂ ಉಜ್ಜಿ ಬಿಗಿ ಮಾಡಿ. ಇಷ್ಟರಲ್ಲೇ ಅರ್ಧಕ್ಕರ್ಧ ಗಾಡಿಗಳು ಸರಿಹೋಗುತ್ತವೆ ಎಂಬುದು ನನ್ನ ಅಂದಾಜು. ಅಂದಹಾಗೆ, ಈ ಗಾಡಿಗಳಲ್ಲಿರುವ ಲೂಕಸ್ ಕಂಪನಿಯ ಹಳೆಯ ಗಾಜಿನ ಫ್ಯೂಸಿನ ಮೇಲಿರುವ 35 ಆಂಪ್ ಅದು ಸುಡುವ ಮಟ್ಟ. ಸತತವಾಗಿ ತಾಳುವುದು 17 ಮಾತ್ರ. ಆ ಜಾಗಕ್ಕೆ ಈಗಿನ 35 ಆಂಪಿನ ಫ್ಯೂಸ್ ತುರುಕಿದರೆ ಫ್ಯೂಸಿನ ಬದಲು ವೈರು ಸುಡುತ್ತದೆ.

ನಿಮ್ಮದು 1966ರ ಗಾಡಿ, ಅಂದರೆ ಕಾರ್ಖಾನೆಯಿಂದ ಬಂದಾಗ ಪಾಸಿಟಿವ್ ಅರ್ತ್, ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕೂಡಿರುತ್ತದೆ. ನಡುವೆ ಯಾರಾದರೂ ನೆಗೆಟಿವ್‌ಗೆ ಬದಲಿಸಿದ್ದಾರೆಯೇ ನೋಡಿ. ಒಳಗೆ ಕಾಯಂ ಅಯಸ್ಕಾಂತವಿರುವ ಮೋಟರಾದರೆ ಧ್ರುವ ಬದಲಾದಾಗ ಉಲ್ಟಾ ತಿರುಗುತ್ತದೆ, ಗಾಳಿ ನೆಟ್ಟಗೆ ಬರುವುದಿಲ್ಲ. ಆಗ ಮೋಟರಿನ ಎರಡು ವೈರು ಅದಲುಬದಲು ಮಾಡಿದರೆ ಮುಗಿಯಿತು.

ಬಲ್ಬು ಚೆನ್ನಾಗಿ ಉರಿದರೆ ಮಾತ್ರ ಮೋಟರಿಗೆ ಕೈ ಹಾಕಿ. ಇಡೀ ಹೀಟರ್ ಪೆಟ್ಟಿಗೆಯನ್ನು ಹೊರತೆಗೆಯಬೇಕಾಗುತ್ತದೆ ಎಂದು ಹೆದರಿದ್ದೀರಿ. ಅದು ನಿಜಕ್ಕೂ ಬೇಸರದ ಕೆಲಸ, ಆದರೆ ಇಲ್ಲಿ ಬೇಕಿಲ್ಲ. ಬಾನೆಟ್ ಎತ್ತಿ, ಮೂರು ಸ್ಕ್ರೂ ಬಿಚ್ಚಿದರೆ ಮೋಟರ್ ಫ್ಯಾನಿನ ಸಮೇತ ಆಚೆ ಬರುತ್ತದೆ. ಫ್ಯಾನ್ ಶಾಫ್ಟಿನ ಮೇಲೆ ಎಲ್ಲಿ ಕೂತಿತ್ತು, ಕವಚದ ಎರಡು ಭಾಗ ಹೇಗೆ ಕೂಡಿದ್ದವು ಎಂದು ಬಿಚ್ಚುವ ಮೊದಲೇ ಗೀಚಿಕೊಳ್ಳಿ. ಶಾಫ್ಟಿನ ತುದಿಯ ಪುಟ್ಟ ವಾಷರುಗಳು ಯಾವ ಸಾಲಿನಲ್ಲಿದ್ದವೋ ಅದೇ ಸಾಲಿನಲ್ಲಿ ಬಟ್ಟೆಯ ಮೇಲೆ ಜೋಡಿಸಿಡಿ.

ಒಳಗೆ ಕಾಣುವುದು ಸಾಮಾನ್ಯವಾಗಿ ಕಾರ್ಬನ್ ಪುಡಿ ಮತ್ತು ಗೋಂದಾದ ಹಳೇ ಎಣ್ಣೆ. ಬ್ರಶ್ಶುಗಳು ತಮ್ಮ ಗೂಡಿನಲ್ಲಿ ಸರಾಗವಾಗಿ ಜಾರಬೇಕು. ನಿಮ್ಮ ಮೋಟರ್ ತಟ್ಟಿದಾಗ ಏಳುವುದಕ್ಕೆ ಸಿಕ್ಕಿಕೊಂಡ ಬ್ರಶ್ಶೇ ಕಾರಣ ಎಂದು ನನ್ನ ಬಲವಾದ ಗುಮಾನಿ. ಕಮ್ಯುಟೇಟರನ್ನು, ಅಂದರೆ ಬ್ರಶ್ಶು ಒರೆಸಿಕೊಂಡು ಹೋಗುವ ತಾಮ್ರದ ಪಟ್ಟಿಗಳ ಉರುಳೆಯನ್ನು, ನುಣ್ಣನೆಯ ಸ್ಯಾಂಡ್ ಪೇಪರಿನಿಂದ ಉಜ್ಜಿ. ಎಮರಿ ಕಾಗದ ಬೇಡ, ಅದರ ಕಣಗಳು ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡಬಹುದು. ಪಟ್ಟಿಗಳ ನಡುವಿನ ಸಂದುಗಳನ್ನು ಮರದ ಕಡ್ಡಿಯಿಂದ ಕೆರೆಯಿರಿ. ಬುಷ್ಷುಗಳು ಎಣ್ಣೆ ಹೀರಿಕೊಳ್ಳುವ ಕಂಚಿನವು. ಹಳೇ ಎಣ್ಣೆಯನ್ನು ತೊಳೆದು ತೆಳು ಎಂಜಿನ್ ಆಯಿಲ್ ಕುಡಿಸಿ, ಹೆಚ್ಚಾದದ್ದನ್ನು ಒರೆಸಿ. ಬಿಚ್ಚದೆ ಬರೀ ಎಣ್ಣೆಯ ಸ್ಪ್ರೇ ಹೊಡೆದರೆ ಒಂದು ವಾರ ಓಡಿ ಮತ್ತೆ ಕಿರುಗುಟ್ಟುತ್ತದೆ, ಬ್ರಶ್ಶಿಗೂ ಎಣ್ಣೆ ಹತ್ತುತ್ತದೆ.

ಮೋಟರ್ ಆಚೆ ಇರುವಾಗಲೇ ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಗಾಜಿನ ಮುಂದಿನ ಜಾಲರಿಯಿಂದ ಬಿದ್ದ ಎಲೆ, ಕಸ ಅಲ್ಲಿ ಸೇರಿರುತ್ತದೆ. ಜಾಲರಿಯ ಕೆಳಗಿನ ನೀರು ಹೋಗುವ ಕೊಳವೆ ಕಟ್ಟಿಕೊಂಡಿದ್ದರೆ ಅದನ್ನೂ ಬಿಡಿಸಿ. ಪೆಟ್ಟಿಗೆಯೊಳಗಿನ ಸ್ಪಂಜಿನ ಸೀಲುಗಳು ಪುಡಿಯಾಗಿದ್ದರೆ ಮಾತ್ರ ಪೆಟ್ಟಿಗೆ ಇಳಿಸುವ ಯೋಚನೆ ಮಾಡಿ, ಏಕೆಂದರೆ ಆಗ ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಸಂದಿನಲ್ಲೇ ಸೋರಿಹೋಗುತ್ತದೆ. ಗಾಳಿ ಬಂದೂ ಬಿಸಿ ಇಲ್ಲದಿದ್ದರೆ ಅದು ಬೇರೆಯೇ ಕತೆ, ಎಂಜಿನ್ ಮೇಲಿನ ನೀರಿನ ವಾಲ್ವ್ ನೋಡಬೇಕು.

ಹೊಸ ಮೋಟರ್ ಬೇಕಾಗುವುದು ಕಮ್ಯುಟೇಟರಿನ ಪಟ್ಟಿಯೇ ಸುಟ್ಟು ಎದ್ದಿದ್ದರೆ, ವೈಂಡಿಂಗ್ (ತಂತಿಯ ಸುರುಳಿ) ಕರಕಲಾಗಿದ್ದರೆ, ಇಲ್ಲವೇ ಬುಷ್ ಸವೆದು ಶಾಫ್ಟ್ ಅಲ್ಲಾಡುತ್ತಿದ್ದರೆ.