ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಲಿನಕ್ಸ್‌ನಲ್ಲಿ ಯಾಕೆ ಅರ್ಧಂಬರ್ಧ ಕೆಲಸ ಮಾಡುತ್ತೆ?

ಮೈಕ್, ಗಿಟಾರ್ ಕಂಪ್ಯೂಟರ್‌ಗೆ ಜೋಡಿಸೋ ಈ ಪೆಟ್ಟಿಗೆಯಿಂದ ಸದ್ದು ಬರುತ್ತೆ, ಆದರೆ ಮಿಕ್ಸರ್, ಗೇನ್ (ಒಳಬರುವ ಸದ್ದಿನ ಮಟ್ಟ) ಬಟನ್‌ಗಳು ಸಿಗಲ್ಲ, ಅಲ್ವಾ? ಕಾರಣ ಸರಳ. ಆಡಿಯೋ ಕಳಿಸೋಕೆ ಯುಎಸ್‌ಬಿ ಆಡಿಯೋ ಕ್ಲಾಸ್ ಅಂತ ಒಂದು ಸಾರ್ವಜನಿಕ ನಿಯಮ ಇದೆ. ಅದನ್ನು ಪಾಲಿಸುವ ಸಾಧನವನ್ನು ಲಿನಕ್ಸ್‌ನ ಒಂದೇ ಒಂದು ಡ್ರೈವರ್ ನೋಡಿಕೊಳ್ಳುತ್ತೆ. ಇದರಲ್ಲಿ ಲಿನಕ್ಸ್ ಹಿಂದೇನೂ ಬಿದ್ದಿಲ್ಲ. ಆ ನಿಯಮದ 2ನೇ ಆವೃತ್ತಿಯ ಬೆಂಬಲ ಲಿನಕ್ಸ್‌ಗೆ 2010ರಲ್ಲೇ ಬಂತು, ವಿಂಡೋಸ್ ಒಳಗೇ ಅದು ಸೇರಿದ್ದು 2017ರಲ್ಲಿ.

ತೊಂದರೆ ಇರೋದು ನಿಯಮದ ಆಚೆ. ಒಳಗಿನ ಮಿಕ್ಸರ್, ಫ್ಯಾಂಟಮ್ ಪವರ್ (ಮೈಕ್‌ಗೆ ತಂತಿಯಲ್ಲೇ ಕೊಡೋ ವಿದ್ಯುತ್) ಸ್ವಿಚ್, ಫರ್ಮ್‌ವೇರ್ ಅಪ್‌ಡೇಟ್ ಇವನ್ನೆಲ್ಲ ಎಷ್ಟೋ ಕಂಪನಿಗಳು ತಮ್ಮದೇ ಗುಟ್ಟಿನ ಆದೇಶಗಳಲ್ಲಿ ಮಾಡುತ್ತವೆ. ದಾಖಲೆ ಕೊಡಲ್ಲ. ಆಗ ಯಾರೋ ಒಬ್ಬರು ವಿಂಡೋಸ್‌ನಲ್ಲಿ ಒಂದೊಂದೇ ಬಟನ್ ಒತ್ತಿ, ಯುಎಸ್‌ಬಿ ತಂತಿಯಲ್ಲಿ ಯಾವ ಬೈಟ್ ಹೋಯಿತು ಅಂತ ಹಿಡಿದು, ಕೋಡ್ ಬರೆಯಬೇಕು. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಸಾಲಿನ ಇಂಟರ್‌ಫೇಸ್‌ಗಳ ಮಿಕ್ಸರ್ ಕಂಟ್ರೋಲ್‌ಗಳು ಇವತ್ತು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇವೆ. ಆದರೆ ಹಳೆ ಕರ್ನಲ್‌ಗಳಲ್ಲಿ 2ನೇ, 3ನೇ ತಲೆಮಾರಿನವಕ್ಕೆ ಡ್ರೈವರ್‌ಗೆ ಒಂದು ಆಯ್ಕೆ ಕೊಟ್ಟು ಅವನ್ನು ಆನ್ ಮಾಡಬೇಕಿತ್ತು. ಹಾಗಾಗಿ ಮೊದಲು ಕರ್ನಲ್ ಹೊಸದು ಮಾಡಿ ನೋಡಿ.

ಇನ್ನೂ ಕೊಂಡಿಲ್ಲ ಅಂದ್ರೆ, ಡಬ್ಬದ ಮೇಲೆ 'ಕ್ಲಾಸ್ ಕಂಪ್ಲಯಂಟ್', ಅಂದರೆ ಆ ಸಾರ್ವಜನಿಕ ನಿಯಮ ಪಾಲಿಸುತ್ತೆ, ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಐಪ್ಯಾಡ್‌ಗೆ ಹೊಂದುತ್ತಾ ಅಂತ ವಿಚಾರಿಸಿ. ಐಪ್ಯಾಡ್‌ನಲ್ಲೂ ಇದೇ ನಿಯಮ ನಡೆಯೋದು, ಅಲ್ಲಿ ಓಡಿದ್ದು ಸಾಮಾನ್ಯವಾಗಿ ಲಿನಕ್ಸ್‌ನಲ್ಲೂ ಓಡುತ್ತೆ. ಆರ್‌ಎಂಇ ಕಂಪನಿಯ ಬೇಬಿಫೇಸ್ ಪ್ರೊನಂಥ ಕೆಲವು ಇಂಟರ್‌ಫೇಸ್‌ಗಳಲ್ಲಿ ಈ ನಿಯಮದಂತೆ ನಡೆಯೋಕೆ ಅಂತಲೇ ಬೇರೆ ಮೋಡ್ ಇದೆ. ನನ್ನ ಕೇಳಿದ್ರೆ, ಗೇನ್‌ಗೆ ಕೈಯಲ್ಲಿ ತಿರುಗಿಸೋ ಗುಂಡಿ ಇರುವುದನ್ನೇ ತಗೊಳ್ಳಿ. ಅದಕ್ಕೆ ಯಾವ ಡ್ರೈವರೂ ಬೇಡ.