ಬೈಂಡ್ ಹಾಕಿಸಿದ ಸಂಪುಟ ಕೈ ಕೊಡಲಿಲ್ಲ

ಓದುಗರೊಬ್ಬರು ಬರೆದಿದ್ದಾರೆ: "ಲೈಬ್ರರಿಗೂ ಚರ್ಚಿಗೂ ಕಾಲದ ಜೊತೆ ಹೆಜ್ಜೆ ಹಾಕಲು ಬರುವುದಿಲ್ಲ. ಪುಸ್ತಕ ಫೋನಿನಲ್ಲಿದೆ, ಪ್ರಾರ್ಥನೆ ಯೂಟ್ಯೂಬಿನಲ್ಲಿದೆ. ಇನ್ನೂ ಈ ಕಪಾಟು, ಈ ಬೆಂಚು ಯಾಕೆ? ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಾಗದವನ್ನು ರದ್ದಿಗೆ ಹಾಕಿದರೆ ಜಾಗವೂ ಉಳಿಯುತ್ತದೆ, ಖರ್ಚೂ ಉಳಿಯುತ್ತದೆ. ನೀವೇನಂತೀರಿ?"

ರದ್ದಿ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ನಮ್ಮ ಹಳೆಯ ಓದುಗರಿಗೆ ಇದು ಗೊತ್ತು. ನೀವು ಹೊಸಬರು ಅಂತ ಕಾಣುತ್ತದೆ, ಇರಲಿ.

ಮೊದಲು ನಿಮ್ಮ ಕಡೆಯ ಮಾತು. ಹಾಸಿಗೆ ಹಿಡಿದವರು ಮಲಗಿದಲ್ಲೇ ಪೂಜೆ ಕೇಳುತ್ತಾರೆ. ಕಣ್ಣು ಕಾಣದವರಿಗೆ ಫೋನೇ ಪುಸ್ತಕ ಓದಿ ಹೇಳುತ್ತದೆ. ವ್ಯಾಟಿಕನ್ ಲೈಬ್ರರಿಯ ಹಸ್ತಪ್ರತಿಯ ಒಂದು ಪುಟವನ್ನು ನಾನೂ ರಾತ್ರಿ ಹನ್ನೆರಡಕ್ಕೆ ಕೂತಲ್ಲೇ ನೋಡಿದ್ದೇನೆ. ಒಳ್ಳೆಯದೇ, ಒಪ್ಪಿದೆ.

ಆದರೆ ಹೆಜ್ಜೆ ಹಾಕಲು ಬರುವುದಿಲ್ಲ ಅಂದಿರಲ್ಲ, ಅದು ಶುದ್ಧ ತಪ್ಪು. ಗುಟೆನ್‌ಬರ್ಗನ ಅಚ್ಚಿನ ಯಂತ್ರ ಇನ್ನೂ ಹೊಸದಾಗಿದ್ದಾಗಲೇ, 1454ರಲ್ಲಿ, ಚರ್ಚಿನ ಪಾಪವಿಮೋಚನೆ ಪತ್ರಗಳು ಅಚ್ಚಾದವು. ಹೆಸರು ಬರೆಯಲು ಜಾಗ ಬಿಟ್ಟ ಫಾರಂ, ನೋಡಿ! ನಮ್ಮ ಕಚೇರಿಗಳ ಎಲ್ಲ ಫಾರಂಗಳಿಗೂ ಅದೇ ಮುತ್ತಜ್ಜ ಇರಬೇಕು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕೆಡಿಕೆಎ ಎಂಬ ರೇಡಿಯೋ ಕೇಂದ್ರ 1920ರ ನವೆಂಬರಿನಲ್ಲಿ ಶುರುವಾಯಿತು. ಎರಡು ತಿಂಗಳು ತುಂಬಿತ್ತಷ್ಟೆ, 1921ರ ಜನವರಿ 2ರಂದು ಒಂದು ಚರ್ಚಿನ ಭಾನುವಾರದ ಪ್ರಾರ್ಥನೆ ಅಲ್ಲಿಂದ ಪ್ರಸಾರವಾಯಿತು. 1931ರಲ್ಲಿ ಪೋಪರಿಗೆ ರೇಡಿಯೋ ಕೇಂದ್ರ ಕಟ್ಟಿಕೊಟ್ಟವನು ಸಾಕ್ಷಾತ್ ಮಾರ್ಕೋನಿ. 2012ರ ಡಿಸೆಂಬರಿನಲ್ಲಿ ಪೋಪರು ಟ್ವಿಟ್ಟರಿಗೂ ಬಂದರು.

ಲೈಬ್ರರಿಗಳೂ ಹಿಂದೆ ಬಿದ್ದಿಲ್ಲ. ಪುಸ್ತಕದ ವಿವರವನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆಯುವ ಮಾರ್ಕ್ ಎಂಬ ಪದ್ಧತಿ ಹುಟ್ಟಿದ್ದು 1960ರ ದಶಕದಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ. ಅದನ್ನು ಕಟ್ಟಿದವರು ಹೆನ್ರಿಯೆಟ್ ಅವ್ರಾಮ್ ಎಂಬ ಪ್ರೋಗ್ರಾಮರ್. ಇಂಟರ್ನೆಟ್ ಎಂಬ ಹೆಸರನ್ನು ನೀವು, ನಾನು ಕೇಳಿಯೇ ಇರಲಿಲ್ಲ ಆಗ.

ಹಾಗಾಗಿ ಇವರು ನಿಧಾನ ಎಂಬ ದೂರು ನನ್ನದಲ್ಲ. ಅವಸರ ಜಾಸ್ತಿ ಎಂಬುದೇ ನನ್ನ ದೂರು. ಹೊಸದು ಬಂದ ಕೂಡಲೇ ಹಳೆಯದಕ್ಕೆ ಬೀಳ್ಕೊಡುಗೆ!

ಜರ್ಮನಿಯಲ್ಲಿ ಟ್ರಿಥೀಮಿಯಸ್ ಎಂಬ ಮಠಾಧಿಪತಿ ಇದ್ದ. ಚರ್ಮದ ಹಾಳೆಯಲ್ಲಿ ಬರೆದದ್ದು ಸಾವಿರ ವರ್ಷ ಬಾಳುತ್ತದೆ, ಕಾಗದಕ್ಕೆ ಅಚ್ಚು ಹಾಕಿದ್ದು ಎಷ್ಟು ದಿನ ಬಂದೀತು ಎಂದು 1492ರಲ್ಲಿ ಕೇಳಿದ. ಎರಡು ವರ್ಷದ ಮೇಲೆ ಆ ಬರಹವನ್ನೇ ಅಚ್ಚು ಹಾಕಿಸಿದ. ಇದನ್ನು ಹೇಳಿ ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಚ್ಚನ್ನು ಬಳಸಿಕೊಂಡ, ಪ್ರಶ್ನೆಯನ್ನೂ ಬಿಡಲಿಲ್ಲ. ತನ್ನ ಮಠದ ಲೈಬ್ರರಿಯನ್ನು ಸುಮಾರು 2000 ಪುಸ್ತಕಕ್ಕೆ ಬೆಳೆಸಿದ. ಇಂಥ ಹಳೇ ಕಾಲದವರು ಇನ್ನೊಂದಿಷ್ಟು ಜನ ಇರಲಿ ಅನ್ನಿಸುತ್ತದೆ.

ಅವನ ಪ್ರಶ್ನೆ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ 1086ರಲ್ಲಿ ಡೂಮ್ಸ್‌ಡೇ ಎಂಬ ಜಮೀನು ಲೆಕ್ಕದ ದೊಡ್ಡ ಪುಸ್ತಕ ಬರೆದರು. ಅದಕ್ಕೆ 900 ವರ್ಷ ತುಂಬಿದ ನೆಪದಲ್ಲಿ ಬಿಬಿಸಿ 1986ರಲ್ಲಿ ಹೊಸ ಡೂಮ್ಸ್‌ಡೇ ಮಾಡಿತು, ಲೇಸರ್ ಡಿಸ್ಕಿನಲ್ಲಿ. ಹತ್ತು ಲಕ್ಷ ಜನ ಕೈಜೋಡಿಸಿದ ಕೆಲಸ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕನ್ನು ಓದುವ ಯಂತ್ರ ಹುಡುಕುವುದೇ ಕಷ್ಟವಾಯಿತು. ಅದನ್ನು ಬದುಕಿಸಲು ವಿಶ್ವವಿದ್ಯಾಲಯದವರು ಕೂರಬೇಕಾಯಿತು. ಹಳೆಯ ಚರ್ಮದ ಪುಸ್ತಕ ಮಾತ್ರ ಇವತ್ತೂ ತೆರೆದರೆ ಓದಬಹುದು. ಲ್ಯಾಟಿನ್ ಬರಬೇಕು ಅಷ್ಟೆ.

ದೂರದ ಮಾತು ಬೇಡ, ನಮ್ಮ ಪತ್ರಿಕೆಯದೇ ಕತೆ ಕೇಳಿ. ಹಿಂದೆ ಎಂಟು ವರ್ಷದ ಸಂಚಿಕೆಗಳನ್ನು ಸಿಡಿಗೆ ತುಂಬಿಸಿ ಬೀಗಿದ್ದೆವು. ಮೊನ್ನೆ ಒಂದು ಲೇಖನ ಬೇಕಾಗಿ ತೆರೆದರೆ, ಸಿಡಿ ಓಡಿತು, ಕಡತವೂ ತೆರೆಯಿತು. ಅಕ್ಷರ ಮಾತ್ರ ಕನ್ನಡವಲ್ಲ! ಅಂದಿನ ಫಾಂಟ್ ಇವತ್ತು ಯಾರ ಬಳಿಯೂ ಇಲ್ಲ. ಪುಟದ ತುಂಬ ಚುಕ್ಕಿ, ಕೊಕ್ಕೆ, ಡಾಲರ್ ಗುರುತು. ಕೊನೆಗೆ ಕೈ ಹಿಡಿದದ್ದು ಅಟ್ಟದ ಮೇಲಿದ್ದ, ಬೈಂಡ್ ಹಾಕಿಸಿದ ಸಂಪುಟ. ದೂಳು ಕೊಡವಿದೆ, ಎರಡು ಸಲ ಸೀನಿದೆ, ಲೇಖನ ಸಿಕ್ಕಿತು.

ಕಾಗದಕ್ಕೆ ಬೆಂಕಿ ಬಿದ್ದರೆ, ಯುದ್ಧ ಬಂದರೆ ಅನ್ನುತ್ತೀರಿ. ನಿಜ. ಆ ಭಯದಿಂದಲೇ ಅಮೆರಿಕದ ಮಿನ್ನೆಸೋಟದ ಬೆನೆಡಿಕ್ಟೀನ್ ಸನ್ಯಾಸಿಗಳು 1965ರಲ್ಲಿ ಯುರೋಪಿನ ಮಠಗಳ ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮ್ ಮಾಡಲು, ಅಂದರೆ ಪುಟಪುಟವನ್ನೂ ಫಿಲ್ಮಿನಲ್ಲಿ ಪುಟ್ಟದಾಗಿ ಸೆರೆಹಿಡಿಯಲು, ಹೊರಟರು. ಇರಾಕಿನ ಡೊಮಿನಿಕನ್ ಪಂಗಡದ ಪಾದ್ರಿ ನಜೀಬ್ ಮಿಖಾಯಿಲ್ ಈ ಸನ್ಯಾಸಿಗಳ ಜೊತೆ ಸೇರಿ ವರ್ಷಗಟ್ಟಲೆ ಹಸ್ತಪ್ರತಿಗಳ ಫೋಟೋ ತೆಗೆಸಿದರು. 2014ರಲ್ಲಿ ಐಸಿಸ್ ಪಡೆ ಹತ್ತಿರ ಬಂದಾಗ ಈ ಪಾದ್ರಿ ಏನು ಮಾಡಿದರು? ಫೋಟೋ ಇದೆಯಲ್ಲ, ಬಿಡಿ ಅನ್ನಲಿಲ್ಲ. ಹಸ್ತಪ್ರತಿಗಳನ್ನೇ ಗಾಡಿಗೆ ತುಂಬಿಸಿಕೊಂಡು ಎರ್ಬಿಲ್ ನಗರದ ಕಡೆಗೆ ಹೊರಟರು. ಸ್ಕ್ಯಾನ್ ಮಾಡುವುದೆಂದರೆ ಏನು ಅಂತ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ ಅವರು.

ಇನ್ನು ಖರ್ಚು ಉಳಿಯುತ್ತದೆ ಅಂದಿರಿ. ಯಾರಿಗೆ ಉಳಿಯುತ್ತದೆ ಸ್ವಾಮಿ? ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿ ಪುಸ್ತಕಗಳಿಗೆ ಸರಪಳಿ ಹಾಕಿ ಕಪಾಟಿಗೆ ಕಟ್ಟಿದ್ದಾರೆ, ಈಗಲೂ ನೋಡಬಹುದು. ಹಾಸ್ಯವಾಗಿ ಕಾಣುತ್ತದೆ, ಅಲ್ವಾ? ಆದರೆ ಆ ಸರಪಳಿಯ ತುದಿ ಲೈಬ್ರರಿಯ ಕೈಯಲ್ಲಿತ್ತು. ಇ-ಪುಸ್ತಕದ ಸರಪಳಿ ಮಾರುವವನ ಕೈಯಲ್ಲಿದೆ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ಲೈಬ್ರರಿಗಳಿಗೆ ಒಂದು ನಿಯಮ ಮಾಡಿತು: ಒಂದು ಇ-ಪುಸ್ತಕವನ್ನು 26 ಸಲ ಎರವಲು ಕೊಡಬಹುದು, ಆಮೇಲೆ ಮತ್ತೆ ದುಡ್ಡು ಕೊಡಿ. ಕಾಗದದ ಪುಸ್ತಕ 27ನೇ ಓದುಗನನ್ನು ಕಂಡು ಮುಚ್ಚಿಕೊಂಡದ್ದನ್ನು ನಾನಂತೂ ನೋಡಿಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳಿಗೆ ಕನ್ನ ಬಿತ್ತು. ಪುಸ್ತಕಗಳೆಲ್ಲ ಕಪಾಟಿನಲ್ಲೇ ಇದ್ದವು. ಯಾವುದು ಎಲ್ಲಿದೆ ಅಂತ ತೋರಿಸುವ ಆನ್‌ಲೈನ್ ಪಟ್ಟಿ ಮಾತ್ರ ಜನವರಿಯವರೆಗೆ ಇರಲಿಲ್ಲ. ಮರದ ಡ್ರಾಯರುಗಳಲ್ಲಿ ಕಾರ್ಡು ಜೋಡಿಸಿಟ್ಟ ಕಾಲದವರು ಇದನ್ನು ಕೇಳಿದರೆ ಏನನ್ನುತ್ತಿದ್ದರೋ.

ನಮಗೀಗ ಎಲ್ಲವೂ ಬಾಡಿಗೆ. ಹಾಡು ಬಾಡಿಗೆ, ಸಿನಿಮಾ ಬಾಡಿಗೆ, ಮನೆಯವರ ಫೋಟೋ ಇಡುವ ಜಾಗವೂ ಬಾಡಿಗೆ. ತಿಂಗಳ ಹಣ ಕಟ್ಟುವುದು ನಿಲ್ಲಿಸಿದರೆ ಮಗುವಿನ ಮೊದಲ ಹುಟ್ಟುಹಬ್ಬವೂ ಹೋಯಿತು. ಇದರ ಬಗ್ಗೆ ಯಾರೂ ಸಂಪಾದಕರಿಗೆ ಪತ್ರ ಬರೆಯುವುದಿಲ್ಲ, ಬೆಂಚಿನ ಬಗ್ಗೆ ಬರೆಯುತ್ತಾರೆ.

ಅಂದ ಹಾಗೆ, ನಿಮ್ಮ ಪತ್ರ ಇ-ಮೇಲಿನಲ್ಲಿ ಬಂದಿತ್ತು. ಪ್ರಿಂಟ್ ತೆಗೆದು ಫೈಲಿಗೆ ಹಾಕಿಟ್ಟಿದ್ದೇನೆ. ಹತ್ತು ವರ್ಷ ಬಿಟ್ಟು ಬಂದು ಕೇಳಿ, ತೆಗೆದು ಕೊಡುತ್ತೇನೆ.

– ಸಂಪಾದಕ