ಸರ್‌ನೇಮ್ ಖಾಲಿ, ಟಿಕೆಟ್ ರೆಡಿ: ಈ ಪ್ರಶ್ನೆ ಎರಡು ತಿಂಗಳ ಹಿಂದೆ ಬರಬೇಕಿತ್ತು

ಮೊದಲ ಸಲ ವಿದೇಶಕ್ಕೆ ಹೊರಟವರ ಪತ್ರಗಳಲ್ಲಿ ತಿರುತಿರುಗಿ ಬರುವುದು ಒಂದೇ ತಕರಾರು: ಹೆಸರು. ಹಾಗಾಗಿ ಈ ಬಾರಿ ಹೆಚ್ಚಿನ ಜಾಗ ಅದಕ್ಕೇ. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವುದು ಹೇಗೆ, ಸೂಟ್‌ಕೇಸ್ ಎಷ್ಟು ದೊಡ್ಡದು ಬೇಕು ಎಂಬಂಥವನ್ನು ಇಲ್ಲಿ ಬರೆಯುವುದಿಲ್ಲ. ಓದಲು ಬರುವವರಿಗೆಲ್ಲ ಅವು ಬೇರೆಡೆ ಸಿಗುತ್ತವೆ.

ಅಮ್ಮನನ್ನು ಮುಂದಿನ ತಿಂಗಳು ವಿಸಿಟ್ ವೀಸಾದಲ್ಲಿ ದುಬೈಗೆ ಕರೆಸಿಕೊಳ್ಳುತ್ತಿದ್ದೇವೆ. ಪಾಸ್‌ಪೋರ್ಟ್‌ನಲ್ಲಿ ‘ಲಕ್ಷ್ಮಮ್ಮ’ ಎಂದಷ್ಟೇ ಇದೆ, ಸರ್‌ನೇಮ್ (ಅಡ್ಡಹೆಸರು) ಜಾಗ ಖಾಲಿ. ಆಧಾರ್‌ನಲ್ಲಿ ‘ಲಕ್ಷ್ಮಮ್ಮ ಎಚ್.ಕೆ.’ ಎಂದಿದೆ, ಟಿಕೆಟ್ ಕೂಡ ಹಾಗೇ ಮಾಡಿಸಿಯಾಗಿದೆ. ಏರ್‌ಪೋರ್ಟ್‌ನಲ್ಲಿ ಆಧಾರ್ ತೋರಿಸಿದರೆ ಬಿಡುತ್ತಾರೆ ಅಂತ ಏಜೆಂಟ್ ಹೇಳುತ್ತಾರೆ. ನಿಜವೇ?

ಸುಳ್ಳು. ದುಬೈ ವಿಮಾನದ ಚೆಕ್-ಇನ್ ಕೌಂಟರ್‌ನಲ್ಲಿ ಆಧಾರ್‌ಗೆ ಬೆಲೆಯಿಲ್ಲ. ಅಲ್ಲಿ ನೋಡುವುದು ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರನ್ನೇ. ಮೂರರಲ್ಲೂ ಹೆಸರು ಒಂದೇ ಇರಬೇಕು, ಆ ಹೆಸರು ಪಾಸ್‌ಪೋರ್ಟ್‌ನದ್ದೇ ಆಗಿರಬೇಕು. ‘ಬಿಡುತ್ತಾರೆ’ ಎಂದ ಏಜೆಂಟ್ ಅಂದು ರಾತ್ರಿ ಫೋನ್ ಎತ್ತುವುದಿಲ್ಲ.

ನಿಮ್ಮಲ್ಲಿರುವುದು ಎರಡು ಸಮಸ್ಯೆ. ಟಿಕೆಟ್‌ನಲ್ಲಿ ಇನಿಷಿಯಲ್ ಸೇರಿರುವುದು ಚಿಕ್ಕದು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವುದು ದೊಡ್ಡದು. ವಿಸಿಟ್ ಮತ್ತು ಪ್ರವಾಸಿ ವೀಸಾದಲ್ಲಿ ಬರುವವರ ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದರೆ ಒಳಗೆ ಬಿಡುವುದಿಲ್ಲ ಎಂದು ದುಬೈ ಇರುವ ಯುಎಇ 2022ರ ನವೆಂಬರ್‌ನಲ್ಲೇ ಹೇಳಿದೆ. ಪಾಸ್‌ಪೋರ್ಟ್‌ನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಒಪ್ಪಬಹುದು ಎಂಬ ಸಡಿಲಿಕೆ ಆಮೇಲೆ ಬಂತು, ನಿಜ. ಆದರೆ ಅದನ್ನು ಹಿಡಿದುಕೊಂಡು ನಡುರಾತ್ರಿ ಕೌಂಟರ್‌ನಲ್ಲಿ ವಾದ ಮಾಡಬೇಕಾದವರು ಮೊದಲ ಸಲ ವಿಮಾನ ಹತ್ತುವ ನಿಮ್ಮ ತಾಯಿ. ಅಲ್ಲಿನ ಸಿಬ್ಬಂದಿ ಬಿಗಿಯಾಗಿರುವುದಕ್ಕೂ ಕಾರಣವಿದೆ. ಪ್ರಯಾಣಿಕರನ್ನು ಆ ದೇಶ ವಾಪಸ್ ಕಳಿಸಿದರೆ ಕರೆತರುವ ಹೊಣೆ ವಿಮಾನ ಸಂಸ್ಥೆಯದ್ದೇ. ಅನುಮಾನ ಬಂದರೆ ಇಲ್ಲೇ ತಡೆಯುವುದು ಅವರಿಗೆ ಅಗ್ಗ.

ಈ ಗೋಳು ಹಳೇ ಮೈಸೂರು ಕಡೆಯವರಿಗೇ ಜಾಸ್ತಿ. ಧಾರವಾಡ, ಬೆಳಗಾವಿ ಕಡೆ ಪಾಟೀಲ, ಬಡಿಗೇರ, ಹಿರೇಮಠ ಎಂದು ಅಡ್ಡಹೆಸರು ಹುಟ್ಟಿನಿಂದಲೇ ಇರುತ್ತದೆ. ಕರಾವಳಿಯಲ್ಲಿ ಶೆಟ್ಟಿ, ಪೈ, ರೈ. ನಮ್ಮ ಮಂಡ್ಯ, ಹಾಸನ, ತುಮಕೂರಿನವರಿಗೆ ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಲು ಬೇಸರಪಟ್ಟವರು ಅದನ್ನು ಬಿಟ್ಟೇಬಿಡುತ್ತಾರೆ, ಸರ್‌ನೇಮ್ ಖಾಲಿ ಉಳಿಯುತ್ತದೆ.

ಖಾಲಿ ಉಳಿದರೆ ಏನಾಗುತ್ತದೆ ಎಂದು ತಿಳಿಯಲು ಪಾಸ್‌ಪೋರ್ಟ್‌ನ ಫೋಟೊ ಪುಟದ ತಳ ನೋಡಿ. ಯಂತ್ರ ಓದುವ ಎರಡು ಸಾಲುಗಳಿವೆ. ಮೊದಲ ಸಾಲಿನ ಬಹುಭಾಗ ಹೆಸರಿಗೆ. ಅದರಲ್ಲಿ ಸರ್‌ನೇಮ್ ಮೊದಲು, ಆಮೇಲೆ ಬಾಣದ ಮೊನೆಯಂಥ ಎರಡು ಗುರುತು, ನಂತರ ಗಿವನ್ ನೇಮ್ (ಇಟ್ಟ ಹೆಸರು). ಜಗತ್ತಿನ ಬಹುತೇಕ ವೀಸಾ ಅರ್ಜಿ, ಟಿಕೆಟ್ ವ್ಯವಸ್ಥೆಗಳಿಗೂ ಸರ್‌ನೇಮ್ ಬೇಕೇಬೇಕು. ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ತೇಪೆ ಹಾಕುತ್ತಾರೆ. ಅಮೆರಿಕದ ವೀಸಾದಲ್ಲಿ ‘ಲಕ್ಷ್ಮಮ್ಮ’ ಸರ್‌ನೇಮ್ ಆಗಿ, ಗಿವನ್ ನೇಮ್ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು. ಓದಲು ಹೋದ ಹುಡುಗರ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್‌ವರೆಗೂ ಆ ಮೂರಕ್ಷರ ಬೆನ್ನು ಹತ್ತುತ್ತದೆ. ಟಿಕೆಟ್‌ನಲ್ಲಂತೂ ಕೆಲವು ಸಂಸ್ಥೆಗಳು ಒಂದೇ ಹೆಸರನ್ನು ಎರಡೂ ಕಡೆ ಬರೆಯಿರಿ ಎನ್ನುತ್ತವೆ, ಕೆಲವು ಬೇರೆ ರೀತಿ ಹೇಳುತ್ತವೆ.

ಪರಿಹಾರ ಒಂದೇ, ಪಾಸ್‌ಪೋರ್ಟ್ ಸರಿಪಡಿಸುವುದು. ಅದಕ್ಕೊಂದು ಕ್ರಮವಿದೆ, ಅದನ್ನು ತಿರುಗಾಮುರುಗಾ ಮಾಡಿದವರೇ ಎರಡು ಸಲ ದುಡ್ಡು ಕಟ್ಟುವವರು.

ಮೊದಲು ಮನೆಯಲ್ಲಿ ಕೂತು ಯಾವ ಹೆಸರು ಎಂದು ತೀರ್ಮಾನಿಸಿ. ಊರೋ, ತಂದೆಯ ಹೆಸರೋ, ಗಂಡನ ಹೆಸರೋ? ನಿಮ್ಮಲ್ಲಿರುವ ಕಾಗದಪತ್ರಗಳಲ್ಲಿ ಯಾವುದಕ್ಕೆ ಹೆಚ್ಚು ಆಧಾರವಿದೆಯೋ ಅದು. ಚೆನ್ನಾಗಿ ಕೇಳಿಸುತ್ತದೆ ಎಂಬ ಕಾರಣಕ್ಕೆ ಹೊಸದನ್ನು ಹುಟ್ಟಿಸಬೇಡಿ. ತೀರಾ ಬೇರೆಯದೇ ಹೆಸರಾದರೆ ಪತ್ರಿಕಾ ಪ್ರಕಟಣೆ, ಗೆಜೆಟ್‌ವರೆಗೂ ಎಳೆದಾಡಬೇಕಾದೀತು. ಎರಡನೆಯದು ಆಧಾರ್. ಅಲ್ಲಿ ಎಚ್.ಕೆ. ಬಿಡಿಸಿ ಪೂರ್ತಿ ಹೆಸರು ಹಾಕಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಇಂಗ್ಲಿಷ್ ಕಾಗುಣಿತವನ್ನು ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದುಕೊಂಡು ಹೋಗಿ, ಆಪರೇಟರ್‌ಗೆ ಬಾಯಲ್ಲಿ ಹೇಳಬೇಡಿ. ಪ್ಯಾನ್ ಇದ್ದರೆ ಅದೂ ಹಾಗೇ.

ಆಮೇಲೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ರೀ-ಇಶ್ಯೂ (ಮರುವಿತರಣೆ) ಅರ್ಜಿ. ಕಾರಣ ಕೇಳಿದಾಗ ವೈಯಕ್ತಿಕ ವಿವರದ ಬದಲಾವಣೆ ಎಂದು ಆರಿಸಿ, ‘ನವೀಕರಣ’ ಎಂದಲ್ಲ. 36 ಪುಟಗಳದ್ದಕ್ಕೆ 1,500 ರೂಪಾಯಿ, 60 ಪುಟಗಳದ್ದಕ್ಕೆ 2,000. ಯಾವ ದಾಖಲೆ ಬೇಕೆಂದು ಅದೇ ಜಾಲತಾಣದ ‘ಡಾಕ್ಯುಮೆಂಟ್ ಅಡ್ವೈಸರ್’ ಹೇಳುತ್ತದೆ. ನೆರೆಮನೆಯವರ ಪಟ್ಟಿ ನಿಮಗೆ ಹೊಂದುವುದಿಲ್ಲ. ಮೂಲ ದಾಖಲೆಗಳನ್ನೂ ಹಳೇ ಪಾಸ್‌ಪೋರ್ಟನ್ನೂ ತೆಗೆದುಕೊಂಡು ಹೋಗಬೇಕು. ಪೊಲೀಸ್ ಪರಿಶೀಲನೆ ಮತ್ತೆ ಬರಬಹುದು, ಆ ವಿಳಾಸದಲ್ಲಿ ತಾಯಿ ಇರಲಿ. ಹೆಸರಿನಲ್ಲಿ ದೊಡ್ಡ ಬದಲಾವಣೆಯಾದರೆ ಬೇಗ ಕೊಡುವ ತತ್ಕಾಲ್ ಸಿಗುವುದಿಲ್ಲ. ಎಲ್ಲಕ್ಕೂ ಸೇರಿ ಎರಡು-ಮೂರು ತಿಂಗಳು ಇಟ್ಟುಕೊಳ್ಳಿ.

ಹೊಸ ಪಾಸ್‌ಪೋರ್ಟ್‌ಗೆ ಹೊಸ ಸಂಖ್ಯೆ ಬರುತ್ತದೆ. ಹಳೇ ಸಂಖ್ಯೆಗೆ ವೀಸಾ ಮಾಡಿಸಿಟ್ಟಿದ್ದರೆ ಅದು ನೀರಿಗೆ ಹಾಕಿದ ಹಣ. ಅದಕ್ಕೇ ವೀಸಾ ಆಮೇಲೆ, ಟಿಕೆಟ್ ಎಲ್ಲಕ್ಕಿಂತ ಕೊನೆಗೆ. ನೀವು ಮಾಡಿರುವುದು ಪೂರ್ತಿ ಉಲ್ಟಾ. ಟಿಕೆಟ್ ದಿನಾಂಕ ಮುಂದೂಡಿ. ದಂಡ ಬೀಳುತ್ತದೆ, ಕಟ್ಟಿ.

ಟಿಕೆಟ್ ಕೈಗೆ ಬಂದಮೇಲೆ ಹೆಸರಿನ ನಡುವೆ ಜಾಗವಿಲ್ಲ, ಕೊನೆಗೆ ‘ಎಂಆರ್‌ಎಸ್’ (ಮಿಸೆಸ್) ಅಂಟಿಕೊಂಡಿದೆ ಎಂದು ಮತ್ತೆ ಪತ್ರ ಬರೆಯಬೇಡಿ. ಟಿಕೆಟ್ ವ್ಯವಸ್ಥೆ ಮುದ್ರಿಸುವುದೇ ಹಾಗೆ. ಹೆಸರು ಹಿಂದುಮುಂದಾಗಿದ್ದರೆ, ಒಂದಕ್ಷರ ತಪ್ಪಿದ್ದರೆ ಮಾತ್ರ ಅಂದೇ ಸರಿಪಡಿಸಿ. ಏಜೆಂಟ್ ಮಾಡಿಸಿದ ಟಿಕೆಟನ್ನು ವಿಮಾನ ಸಂಸ್ಥೆ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಏಜೆಂಟೇ ಸರಿಮಾಡಬೇಕು. ಅದನ್ನು ಅವರು ಹಣ ತೆಗೆದುಕೊಳ್ಳುವಾಗ ಹೇಳಿರುವುದಿಲ್ಲ.

ಸಂಖ್ಯಾಶಾಸ್ತ್ರದವರು ಹೆಸರಿಗೆ ಇನ್ನೊಂದು ‘ಎ’ ಸೇರಿಸಿದರೆ ವೀಸಾ ಸಿಗುತ್ತದೆ ಎಂದಿದ್ದಾರೆ. ಈಗ ಸೇರಿಸಬಹುದೇ?

ಸೇರಿಸಿ, ಮೇಲೆ ಬರೆದದ್ದನ್ನೆಲ್ಲ ಮೊದಲಿನಿಂದ ಮಾಡಿ. ಆ ಶಾಸ್ತ್ರಿಗಳಿಗೇ ಪಾಸ್‌ಪೋರ್ಟ್ ಶುಲ್ಕ ಕಟ್ಟಲು ಹೇಳಿ.

ಯುರೋಪ್ ವೀಸಾಕ್ಕೆ ಖಾತೆಯಲ್ಲಿ ಐದು ಲಕ್ಷ ತೋರಿಸಬೇಕಂತೆ. ಒಂದು ವಾರಕ್ಕೆ ಸಾಲ ತಂದು ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ.

ಅಂಥವರಿಂದ ದೂರವಿರಿ. ಅಧಿಕಾರಿ ನೋಡುವುದು ಕೊನೇ ದಿನದ ಮೊತ್ತವನ್ನಲ್ಲ, ತಿಂಗಳುಗಟ್ಟಲೆ ದುಡ್ಡು ಬಂದುಹೋದ ರೀತಿಯನ್ನು. ಇಪ್ಪತ್ತು ಸಾವಿರ ಓಡಾಡುವ ಖಾತೆಗೆ ಅರ್ಜಿಯ ಹಿಂದಿನ ವಾರ ಐದು ಲಕ್ಷ ಬಿದ್ದರೆ ಅದೇ ತಿರಸ್ಕಾರಕ್ಕೆ ಕಾರಣ. ಮಕ್ಕಳೇ ಖರ್ಚು ನೋಡಿಕೊಳ್ಳುವುದಾದರೆ ಹಾಗೆಂದೇ ಬರೆದು ಅವರ ದಾಖಲೆ ಕೊಡಿ. ಯುರೋಪ್‌ನ ಬಹುತೇಕ ದೇಶಗಳಿಗೆ ಸಲ್ಲುವ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯುರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಬರಿ ‘ವಿಮೆ ಇದೆ’ ಎಂದರೆ ಸಾಲದು, ಪಾಲಿಸಿಯಲ್ಲಿ ಆ ಮೊತ್ತ ಕಾಣಬೇಕು.

ಪಾಸ್‌ಪೋರ್ಟ್‌ನಲ್ಲಿ ‘ಇಸಿಆರ್’ ಎಂದಿದೆ. ಮಗನನ್ನು ನೋಡಲು ಕತಾರ್‌ಗೆ ಹೋಗುವಂತಿಲ್ಲವೇ?

ಹೋಗಬಹುದು. ಇಸಿಆರ್ (ವಲಸೆ ತಪಾಸಣೆ ಬೇಕು ಎಂಬ ಮುದ್ರೆ) ಇರುವವರು ಗೊತ್ತುಪಡಿಸಿದ 18 ದೇಶಗಳಿಗೆ *ಕೆಲಸಕ್ಕೆ* ಹೋಗುವಾಗ ಅನುಮತಿ ಬೇಕು. ವಿಸಿಟ್ ವೀಸಾ, ವಾಪಸ್ ಟಿಕೆಟ್ ಇದ್ದವರಿಗೆ ಬೇಡ. ಹತ್ತನೇ ತರಗತಿ ಪಾಸಾದವರು, 50 ದಾಟಿದವರು ಆ ಮುದ್ರೆ ತೆಗೆಸಿಕೊಳ್ಳಬಹುದು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಕೊಡಿಸುತ್ತೇವೆ ಎನ್ನುವವರ ಮಾತು ಕೇಳಿದರೆ ಮುಂದಿನ ಪತ್ರ ನನಗಲ್ಲ, ರಾಯಭಾರ ಕಚೇರಿಗೆ ಬರೆಯಬೇಕಾಗುತ್ತದೆ.

ಸಿಂಗಪುರದ ಅರೈವಲ್ ಕಾರ್ಡ್‌ಗೆ ಎಷ್ಟು ಶುಲ್ಕ?

ಶುಲ್ಕವೇ ಇಲ್ಲ. ತಲುಪುವ ಮುನ್ನ, ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ತುಂಬಿ. ಹಣ ಕೇಳುವ ತಾಣ ಯಾವುದೇ ಇರಲಿ, ಮುಚ್ಚಿ.

ಮಗಳ ಮನೆಗೆ ಏನೇನು ತಿಂಡಿ, ಪುಡಿ ಒಯ್ಯಬಹುದು?

ಚಕ್ಕುಲಿ, ಚಟ್ನಿಪುಡಿ ಬಹುತೇಕ ಕಡೆ ತೊಂದರೆ ಕೊಡುವುದಿಲ್ಲ, ಆದರೆ ಕೇಳಿದಾಗ ಇದೆ ಎಂದು ಹೇಳಬೇಕು. ಆಸ್ಟ್ರೇಲಿಯಾದಲ್ಲಂತೂ ಬರೆದುಕೊಡದೆ ಒಯ್ದ ಆಹಾರಕ್ಕೆ ಸ್ಥಳದಲ್ಲೇ ದಂಡ. ಅಮೆರಿಕಕ್ಕೆ ಹಸಿ ಕರಿಬೇವು ಬೇಡ, ಅಲ್ಲಿನ ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿರುತ್ತದೆ ಎಂದು ಕಿತ್ತುಕೊಳ್ಳುತ್ತಾರೆ. ಕೊಬ್ಬರಿ ಗಿಟುಕನ್ನು ಲಗೇಜಿಗೇ ಹಾಕಬೇಡಿ. ಎಣ್ಣೆಯಂಶ ಹೆಚ್ಚಿರುವುದರಿಂದ ವಿಮಾನಯಾನದ ನಿಯಮದಲ್ಲಿ ಅದು ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತು. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ, ಚೆಕ್-ಇನ್ ಪೆಟ್ಟಿಗೆಗೆ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ, ಕೈಚೀಲದಲ್ಲೇ ಇರಬೇಕು.

ಇದೆಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಕೇಳಿಲ್ಲ: ಗಸಗಸೆ. ನಮಗೆ ಪಾಯಸದ ಸಾಮಾನು, ಯುಎಇ ಮತ್ತು ಸಿಂಗಪುರದಲ್ಲಿ ಮಾದಕವಸ್ತುವಿನ ಲೆಕ್ಕ. ಒಂದು ಪೊಟ್ಟಣಕ್ಕೂ ಪೊಲೀಸ್ ಠಾಣೆ ನೋಡಬೇಕಾಗಬಹುದು. ಗಸಗಸೆ ಹಾಕಿ ಹುರಿದು ಪುಡಿಮಾಡಿದ ಸಾಗು ಪುಡಿಯನ್ನೂ ಮನೆಯಲ್ಲೇ ಬಿಡಿ. ಲಕ್ಷ್ಮಮ್ಮನವರ ಪೆಟ್ಟಿಗೆಯನ್ನು ಮಕ್ಕಳೇ ಒಮ್ಮೆ ಬಿಚ್ಚಿ ನೋಡಿ, ವೀಳ್ಯದೆಲೆ ಅಡಿಕೆಯ ಸಂಚಿ ಇದ್ದರೆ ಅದನ್ನೂ ತೆಗೆದಿಡಿ.